ಎಡ ವೃತ್ತದ ಆಟಗಾರ: ಅಲೆಕ್ಸಾಂಡರ್ ಒವೆಚ್ಕಿನ್ ಜನಪ್ರಿಯತೆಯ ಒಂದು ಪ್ರಕರಣ ಅಧ್ಯಯನ

1980ರ ಮಾಸ್ಕೋ ಒಲಿಂಪಿಕ್ಸನ್ನು ಅಮೆರಿಕ ಬಹಿಷ್ಕರಿಸಿತ್ತು. ಆ ಕೂಟದಲ್ಲಿ ಸೋವಿಯತ್ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಚಿನ್ನ ಗೆದ್ದುಕೊಟ್ಟವರಲ್ಲಿ ತತ್ಯಾನಾ ಒವೆಚ್ಕಿನಾ ಒಬ್ಬರು. 1976ರ ಮಾಂಟ್ರಿಯಲ್ ಕೂಟದ ಚಿನ್ನ ಆಗಲೇ ಅವರ ಕೈಸೇರಿತ್ತು. ಐದು ವರ್ಷಗಳ ನಂತರ, 1985ರ ಸೆಪ್ಟೆಂಬರ್ 17ರಂದು, ಮಾಸ್ಕೋದಲ್ಲಿ ಅವರಿಗೆ ಹುಟ್ಟಿದ ಮಗ ಮುಂದೆ ಅದೇ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಎರಡು ದಶಕ ಐಸ್ ಹಾಕಿ ಆಡಿ, ಆ ಊರಿನವರು ಮಕ್ಕಳ ಬೆನ್ನಿಗೆ ಅವನ ಹೆಸರಿನ ಅಂಗಿ ತೊಡಿಸುವಷ್ಟು ಮನೆಯವನಾದ ಎಂಬುದು ಅಲೆಕ್ಸಾಂಡರ್ ಒವೆಚ್ಕಿನ್ ಪ್ರಕರಣದ ಮೊದಲ ಸೋಜಿಗ. ಎರಡನೆಯದು ಇನ್ನೂ ದೊಡ್ಡದು. ಈ ಇಪ್ಪತ್ತು ವರ್ಷಗಳಲ್ಲಿ ಅವರು ಹೆಚ್ಚೂಕಡಿಮೆ ಏನನ್ನೂ ಬದಲಿಸಿಕೊಳ್ಳಲಿಲ್ಲ. ತಂಡ ಒಂದೇ, ತಾಯಿ ತೊಟ್ಟಿದ್ದ 8ನೇ ಸಂಖ್ಯೆಯೇ ಬೆನ್ನ ಮೇಲೆ, ಗೋಲು ಹೊಡೆಯಲು ನಿಲ್ಲುವ ಜಾಗ ಒಂದೇ, ತಾಯ್ನಾಡಿನ ಬಗೆಗೂ ಅದರ ಅಧ್ಯಕ್ಷರ ಬಗೆಗೂ ಇರುವ ನಿಷ್ಠೆ ಒಂದೇ. ವಾಷಿಂಗ್ಟನ್ ಅವರನ್ನು ಅಪ್ಪಿಕೊಂಡದ್ದಕ್ಕೂ 2022ರ ನಂತರ ಅನೇಕರು ಅವರ ಮೇಲೆ ಸಿಟ್ಟಾದದ್ದಕ್ಕೂ ಈ ಬದಲಾಗದ ಗುಣವೇ ಕಾರಣ ಎಂದು ನನಗೆ ತೋರುತ್ತದೆ. ಈ ಬರಹ ಅದನ್ನೇ ಹಂತ ಹಂತವಾಗಿ ನೋಡುತ್ತದೆ.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳು ಕಣ್ಮುಂದೆ ಬರುವ ನಮಗೆ ಐಸ್ ಹಾಕಿಯ ಲೆಕ್ಕಾಚಾರ ಸ್ವಲ್ಪ ಬೇರೆಯೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಚೆಂಡಿಲ್ಲ, ಸುಮಾರು 170 ಗ್ರಾಂ ತೂಗುವ, ಗಟ್ಟಿ ರಬ್ಬರಿನ ಪಕ್ ಎಂಬ ಚಪ್ಪಟೆ ಬಿಲ್ಲೆ ಇದೆ. ಒಂದು ಹೊತ್ತಿಗೆ ಒಂದು ತಂಡದ ಐವರು ಆಟಗಾರರೂ ಗೋಲು ಕಾಯುವ ಒಬ್ಬ ಗೋಲಿಯೂ ಮಂಜಿನ ಮೇಲಿರುತ್ತಾರೆ. ಮುಕ್ಕಾಲು ನಿಮಿಷ ಮೈಮುರಿದು ಓಡಿ ಬೆಂಚಿಗೆ ಮರಳುತ್ತಾರೆ, ಅವರ ಜಾಗಕ್ಕೆ ಇನ್ನೈವರು ಜಿಗಿಯುತ್ತಾರೆ. ಎದುರಾಳಿಯನ್ನು ಮೈಯಿಂದ ಗುದ್ದಿ ಗೋಡೆಗೆ ಒತ್ತುವುದು ಇಲ್ಲಿ ತಪ್ಪಲ್ಲ, ಕೌಶಲ. ನಿಜವಾದ ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಬೇಕು. ಆ ಎರಡು ನಿಮಿಷ ಐವರ ಎದುರು ನಾಲ್ವರು ಆಡುವ ಸ್ಥಿತಿಗೆ ಪವರ್ ಪ್ಲೇ ಎಂದು ಹೆಸರು. ಒವೆಚ್ಕಿನ್ ಬದುಕಿನ ಬಹುಪಾಲು ಕೀರ್ತಿ ಇಂಥ ಎರಡೆರಡು ನಿಮಿಷಗಳಲ್ಲಿ ಹುಟ್ಟಿದ್ದು.

ಎರಡು ದಿನದ ಅಂತರ

ತಾಯಿ ಬ್ಯಾಸ್ಕೆಟ್‌ಬಾಲ್‌ನವರು, ತಂದೆ ಮಿಖಾಯಿಲ್ ಫುಟ್‌ಬಾಲ್‌ನವರು. ಮಗನನ್ನು ಹಾಕಿಯ ಕಡೆಗೆ ಎಳೆದೊಯ್ದದ್ದು ಅಣ್ಣ ಸೆರ್ಗೈ. ಆ ಅಣ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅಲೆಕ್ಸಾಂಡರ್‌ಗೆ ಹತ್ತು ವರ್ಷ. ಮುಂದೆ ತನ್ನ ಮೊದಲ ಮಗನಿಗೆ ಅವರು ಇಟ್ಟ ಹೆಸರು ಸೆರ್ಗೈ. ಮಾಸ್ಕೋದ ಡೈನಮೋ ಕ್ಲಬ್ಬಿನ ಶಾಲೆಯಲ್ಲಿ ಬೆಳೆದ ಹುಡುಗ 16ನೇ ವಯಸ್ಸಿಗೇ ರಷ್ಯಾದ ಅಗ್ರ ಲೀಗ್‌ನಲ್ಲಿ ವಯಸ್ಕರ ಜೊತೆ ಆಡುತ್ತಿದ್ದ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ, ಅಂದರೆ ಎನ್‌ಎಚ್‌ಎಲ್‌ನ, ಗೂಢಚಾರರಂತೆ ಊರೂರು ಸುತ್ತುವ ಆಯ್ಕೆಗಾರರ ಕಣ್ಣಿಗೆ ಅಷ್ಟರಲ್ಲಿ ಅವನು ಬಿದ್ದಾಗಿತ್ತು.

ಆ ಕಣ್ಣು ಎಷ್ಟು ಆಸೆಯದಾಗಿತ್ತು ಎಂಬುದಕ್ಕೆ 2003ರ ಒಂದು ಪ್ರಸಂಗ ಸಾಕು. ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿಯಲ್ಲಿ, ಸೆಪ್ಟೆಂಬರ್ 15ರೊಳಗೆ 18 ತುಂಬಬೇಕೆಂಬ ನಿಯಮವಿದೆ. ಒವೆಚ್ಕಿನ್ ಹುಟ್ಟಿದ್ದು 17ರಂದು. ಎರಡೇ ದಿನದ ಕೊರತೆ. ಫ್ಲಾರಿಡಾ ಪ್ಯಾಂಥರ್ಸ್ ತಂಡ ಕೊನೆಯ ಸುತ್ತಿನಲ್ಲಿ ಅವರ ಹೆಸರು ಕೂಗಿ, ಬದುಕಿನಲ್ಲಿ ಬಂದ ಅಧಿಕ ವರ್ಷಗಳ ಹೆಚ್ಚುವರಿ ದಿನಗಳನ್ನು ಲೆಕ್ಕಕ್ಕೆ ಹಿಡಿದರೆ ಹುಡುಗನಿಗೆ ವಯಸ್ಸು ಆಗಿಯೇ ಬಿಟ್ಟಿದೆ ಎಂದು ವಾದಿಸಿತು. ಪಂಚಾಂಗ ಹಿಡಿದು ಮಾಡಿದ ಈ ವಾದವನ್ನು ಲೀಗ್ ಒಪ್ಪಲಿಲ್ಲ. ಮರುವರ್ಷ ವಾಷಿಂಗ್ಟನ್ ಕ್ಯಾಪಿಟಲ್ಸ್ ಲಾಟರಿಯಲ್ಲಿ ಮೊದಲ ಸರದಿ ಗೆದ್ದು ಅವರನ್ನು ಆರಿಸಿಕೊಂಡಿತು. ಎರಡನೆಯವರಾಗಿ ಪಿಟ್ಸ್‌ಬರ್ಗ್‌ಗೆ ಹೋದವರು ಇನ್ನೊಬ್ಬ ರಷ್ಯನ್, ಎವ್‌ಗೆನಿ ಮಾಲ್ಕಿನ್.

ಕ್ಯಾಪಿಟಲ್ಸ್ ಆಗ ಪಾಳುಬಿದ್ದ ಮನೆಯಂತಿತ್ತು. ಯಾರೊಮಿರ್ ಯಾಗರ್ ಅವರಂಥ ದುಬಾರಿ ಆಟಗಾರರನ್ನು ಆ ಹಂಗಾಮಿನಲ್ಲೇ ಮಾರಿ ಖಾಲಿ ಮಾಡಿಕೊಂಡಿತ್ತು. ಮೇಲಾಗಿ ಮಾಲೀಕರಿಗೂ ಆಟಗಾರರಿಗೂ ನಡುವಿನ ವೇತನ ಜಗಳದಿಂದ 2004-05ರ ಹಂಗಾಮು ಪೂರ್ತಿ ರದ್ದಾಯಿತು. ಒವೆಚ್ಕಿನ್ ಆ ವರ್ಷ ಡೈನಮೋದಲ್ಲೇ ಉಳಿದು ರಷ್ಯಾದ ಚಾಂಪಿಯನ್ ಪಟ್ಟ ಗೆದ್ದರು. ಅಮೆರಿಕಕ್ಕೆ ಹೊರಟಾಗ ಡೈನಮೋ ನ್ಯಾಯಾಲಯದ ಮೆಟ್ಟಿಲೇರಿದರೂ ಅದು ಫಲಿಸಲಿಲ್ಲ.

ಮುರಿದ ಗಾಜು, ಮಲಗಿ ಹೊಡೆದ ಗೋಲು

2005ರ ಅಕ್ಟೋಬರ್ 5ರಂದು ಕೊಲಂಬಸ್ ಬ್ಲೂ ಜಾಕೆಟ್ಸ್ ವಿರುದ್ಧ ಆಡಿದ ಮೊದಲ ಪಂದ್ಯದ ಮೊದಲ ಕ್ಷಣಗಳಲ್ಲೇ ಅವರು ಎದುರಾಳಿಯೊಬ್ಬನನ್ನು ಗುದ್ದಿದ ರಭಸಕ್ಕೆ ಅಂಗಣದ ಅಂಚಿನ ಗಾಜಿನ ತಡೆ ಕಿತ್ತುಬಂದು, ಆಟ ನಿಲ್ಲಿಸಿ ಅದನ್ನು ಸರಿಪಡಿಸಬೇಕಾಯಿತು. ಅದೇ ರಾತ್ರಿ ಎರಡು ಗೋಲು. ಆ ಹಂಗಾಮಿನ ಕೊನೆಗೆ 52 ಗೋಲು, ಜೊತೆಗಾರರ ಗೋಲುಗಳಿಗೆ 54 ನೆರವು, ಎರಡೂ ಸೇರಿ 106 ಅಂಕ. ಅದೇ ವರ್ಷ ಕಾಲಿಟ್ಟ ಕೆನಡಾದ ಸಿಡ್ನಿ ಕ್ರಾಸ್ಬಿ 102 ಅಂಕ ಗಳಿಸಿದರೂ, ಉತ್ತಮ ಹೊಸಬನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ರಷ್ಯನ್ನನಿಗೆ ದಕ್ಕಿತು.

ಅಂಕಿ ಅಂಶಗಳಿಗಿಂತ ಹೆಚ್ಚಾಗಿ ಅವರನ್ನು ಮನೆಮಾತಾಗಿಸಿದ್ದು 2006ರ ಜನವರಿ 16ರ ಒಂದು ಗೋಲು. ಎದುರಾಳಿ ಫೀನಿಕ್ಸ್ ಕಯೋಟೀಸ್. ಪಂದ್ಯ ವಾಷಿಂಗ್ಟನ್ ಕೈಗೆ ಆಗಲೇ ಬಂದಿತ್ತು. ಒವೆಚ್ಕಿನ್ ಬಲಗಡೆಯಿಂದ ನುಗ್ಗುವಾಗ ರಕ್ಷಕ ಪಾಲ್ ಮಾರಾ ಅವರನ್ನು ಕೆಡವಿದರು. ಬಿದ್ದವರು ಮುಖ ಮೇಲೆ ಮಾಡಿ, ಗೋಲಿನ ಕಡೆಗೆ ತಲೆ ಹಾಕಿ, ಬೆನ್ನ ಮೇಲೆ ಜಾರುತ್ತಲೇ ಹೋದರು. ಗೋಲು ಕಾಣಿಸುತ್ತಿರಲಿಲ್ಲ, ಪಕ್ ಕೂಡ ತಲೆಯ ಹಿಂದೆ ಎಲ್ಲೋ ಇತ್ತು. ಸ್ಟಿಕ್ಕನ್ನು ತಲೆಯ ಮೇಲಿಂದ ಕೊಕ್ಕೆಯಂತೆ ಚಾಚಿ, ಪಕ್ಕಿಗೆ ತಗುಲಿಸಿ, ಎಳೆದರು. ಅದು ಗೋಲಿ ಬ್ರಯಾನ್ ಬೂಷೇ ಅವರನ್ನು ದಾಟಿ ಮೆಲ್ಲಗೆ ಬಲೆಯೊಳಕ್ಕೆ ಸರಿಯಿತು. ಕೈಯೆತ್ತಿ ಎದ್ದ ಹುಡುಗನಿಗೇ ಏನು ನಡೆಯಿತೆಂದು ಖಚಿತವಿರಲಿಲ್ಲ. ಮೇಲೆ ತೂಗುವ ದೊಡ್ಡ ಪರದೆಯತ್ತ ನೋಡಿದ. ಫೀನಿಕ್ಸ್ ಬೆಂಚಿನಲ್ಲಿ ನಿಂತಿದ್ದ ತರಬೇತುದಾರರೂ ಅದೇ ಪರದೆಯನ್ನು ನೋಡುತ್ತಿದ್ದರು. ಆ ತರಬೇತುದಾರರ ಹೆಸರು ವೇಯ್ನ್ ಗ್ರೆಟ್ಸ್‌ಕಿ. ಎನ್‌ಎಚ್‌ಎಲ್‌ನಲ್ಲಿ 894 ಗೋಲು ಹೊಡೆದು ನಿವೃತ್ತರಾದವರು. ಆ ಇಬ್ಬರ ಕಥೆ ಹತ್ತೊಂಬತ್ತು ವರ್ಷಗಳ ನಂತರ ಮತ್ತೆ ಕೂಡುತ್ತದೆ.

ಈ ಪರಾಕ್ರಮಗಳಷ್ಟೇ ಜನಪ್ರಿಯತೆಗೆ ಕಾರಣವೆಂದರೆ ಅರ್ಧ ಸತ್ಯವಾಗುತ್ತದೆ. 1989ರಲ್ಲಿ ಅಲೆಕ್ಸಾಂಡರ್ ಮೊಗಿಲ್ನಿ ಸ್ಟಾಕ್‌ಹೋಮ್‌ನಿಂದ ತಂಡ ಬಿಟ್ಟು ಓಡಿಬಂದ ಕಾಲದಿಂದಲೂ ಉತ್ತರ ಅಮೆರಿಕದ ಹಾಕಿ ಬರಹಗಾರರಲ್ಲಿ ರಷ್ಯನ್ನರ ಬಗ್ಗೆ ಒಂದು ಸಿದ್ಧ ಚಿತ್ರವಿತ್ತು: ಕೈಚಳಕವಿದೆ, ಕಿಚ್ಚಿಲ್ಲ, ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಒವೆಚ್ಕಿನ್ ಆ ಚಿತ್ರವನ್ನು ಮೈಯಿಂದಲೇ ಒರೆಸಿದರು. ಕೆನಡಿಯನ್ನರಂತೆ ಗುದ್ದಿದರು, ಮುಂದಿನ ಹಲ್ಲು ಕಳೆದುಕೊಂಡ ಬಾಯಿಂದಲೇ ಜೋರಾಗಿ ನಕ್ಕರು, ಗೋಲು ಹೊಡೆದಾಗ ಗಾಜಿನ ಗೋಡೆಗೆ ಹಾರಿ ಎದೆಯೊಡ್ಡಿದರು. ಜೊತೆಗಾರ ಗೋಲು ಹೊಡೆದರೆ ಇನ್ನೂ ಎತ್ತರ ಹಾರಿದರು. ಪಕ್ ತಗುಲಿ ಕಾಲು ಕುಂಟಿದ ದಿನ, ರಷ್ಯಾದ ಯಂತ್ರ ಕೆಡುವುದಿಲ್ಲ ಎಂದು ಹರುಕು ಇಂಗ್ಲಿಷಿನಲ್ಲಿ ಅವರು ಆಡಿದ ಮಾತನ್ನು ಅಭಿಮಾನಿಗಳು ಘೋಷಣೆಯಾಗಿಸಿಕೊಂಡರು.

ಎಲ್ಲರಿಗೂ ಇದು ರುಚಿಸಲಿಲ್ಲ. 2009ರ ಮಾರ್ಚಿನಲ್ಲಿ ಟ್ಯಾಂಪಾದಲ್ಲಿ ಹಂಗಾಮಿನ 50ನೇ ಗೋಲು ಹೊಡೆದಾಗ ಅವರು ಸ್ಟಿಕ್ಕನ್ನು ಮಂಜಿನ ಮೇಲೆ ಇಟ್ಟು, ಅದು ಕೆಂಡದಷ್ಟು ಬಿಸಿಯಾಗಿದೆಯೇನೋ ಎಂಬಂತೆ ಅದರ ಮೇಲೆ ಕೈ ಕಾಯಿಸಿಕೊಂಡರು. ಕೆನಡಾದ ಟಿವಿಯ ಗುಡುಗು ಬಾಯಿಯ ವಿಮರ್ಶಕ ಡಾನ್ ಚೆರಿ ಅಷ್ಟರಲ್ಲಿ ಇವರ ಸಂಭ್ರಮಗಳನ್ನು ಫುಟ್‌ಬಾಲ್ ಆಟಗಾರರ ಕುಣಿತಕ್ಕೆ ಹೋಲಿಸಿ ಬೈದಾಗಿತ್ತು. ಈಗ ಎದುರು ತಂಡವೂ ಮುಖ ಗಂಟಿಕ್ಕಿತು. ಅಮೆರಿಕದ ರಾಜಧಾನಿಯ ಮಂದಿಗೆ ಮಾತ್ರ ಇದೇ ಬೇಕಾಗಿತ್ತು. 2007ರಲ್ಲಿ ತಂಡ ತನ್ನ ಬಣ್ಣವನ್ನು ಮತ್ತೆ ಕೆಂಪಿಗೆ ಬದಲಿಸಿತ್ತು. ಅಂಗಣ ತುಂಬ ಕೆಂಪು ಅಂಗಿಗಳೇ ಕಾಣತೊಡಗಿದವು, ಒಂದು ಕಾಲದಲ್ಲಿ ಖಾಲಿ ಹೊಡೆಯುತ್ತಿದ್ದ ಕುರ್ಚಿಗಳಿಗೆ ಟಿಕೆಟ್ ಸಿಗುವುದು ಕಷ್ಟವಾಯಿತು. 2007-08ರಲ್ಲಿ 65 ಗೋಲು ಹೊಡೆದು ಎಡ ಪಾರ್ಶ್ವದ ಆಟಗಾರರ ದಾಖಲೆ ಮುರಿದ ಒವೆಚ್ಕಿನ್, ಆ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಸೇರಿ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಬಾಚಿಕೊಂಡರು. ಅದೇ ಜನವರಿಯಲ್ಲಿ 13 ವರ್ಷಕ್ಕೆ 12.4 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಮೊತ್ತ ದೊಡ್ಡ ಸುದ್ದಿಯಾಯಿತು, ನಿಜ. ಊರಿನವರಿಗೆ ಮುಖ್ಯವಾಗಿ ಕೇಳಿಸಿದ್ದು 13 ಎಂಬ ಸಂಖ್ಯೆ: ಇವನು ಹೋಗುವುದಿಲ್ಲ.

ಎಲ್ಲರಿಗೂ ಗೊತ್ತಿದ್ದ ಗುಟ್ಟು

ಅವರ ಆಟದ ತಿರುಳನ್ನು ಒಂದು ಚಿತ್ರದಲ್ಲಿ ಹಿಡಿಯಬಹುದು. ಪವರ್ ಪ್ಲೇ ಶುರುವಾಗಿದೆ. ಎದುರು ತಂಡದ ಗೋಲಿನ ಮುಂದೆ ಎಡಕ್ಕೂ ಬಲಕ್ಕೂ ಮಂಜಿನ ಮೇಲೆ ಬಳಿದ ಎರಡು ಕೆಂಪು ವೃತ್ತಗಳಿವೆ. ಬಲಗಡೆಯ ಗೋಡೆಯ ಬಳಿ ಸ್ವೀಡನ್ನಿನ ನಿಕ್ಲಾಸ್ ಬ್ಯಾಕ್‌ಸ್ಟ್ರಮ್ ಪಕ್ ಇಟ್ಟುಕೊಂಡು, ಅವಸರವೇ ಇಲ್ಲದವರಂತೆ ನಿಂತಿದ್ದಾರೆ. ಎಡ ವೃತ್ತದ ಮೇಲಂಚಿನಲ್ಲಿ ಒವೆಚ್ಕಿನ್, ಒಂದು ಮಂಡಿ ಬಾಗಿಸಿ, ಸ್ಟಿಕ್ಕನ್ನು ಹಿಂದಕ್ಕೆ ಎತ್ತಿ ಕಾಯುತ್ತಿದ್ದಾರೆ. ಅವರು ಬಲಗೈ ಹೊಡೆತಗಾರ. ಎಡಗಡೆ ನಿಂತರೆ ಸ್ಟಿಕ್ಕಿನ ಅಲಗು ಮೈದಾನದ ನಡುವಿಗೆ ತೆರೆದಿರುತ್ತದೆ. ಆದ್ದರಿಂದ ಅಡ್ಡಲಾಗಿ ಬಂದ ಪಕ್ಕನ್ನು ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ಬಂದ ಓಟದಲ್ಲೇ ಹೊಡೆಯಬಹುದು. ಬ್ಯಾಕ್‌ಸ್ಟ್ರಮ್ ಕಡೆ ಮುಖ ಮಾಡಿದ್ದ ಗೋಲಿ, ಪಕ್ ಅಡ್ಡ ಹಾಯುವಷ್ಟರಲ್ಲಿ ಗೋಲಿನ ಆ ತುದಿಯಿಂದ ಈ ತುದಿಗೆ ಜಾರಿ ಬಂದು ಮತ್ತೆ ನೆಲೆ ನಿಲ್ಲಬೇಕು. ಅವನು ಇನ್ನೂ ಜಾರುತ್ತಿರುವಾಗಲೇ ಹೊಡೆತ ಅವನನ್ನು ದಾಟಿಹೋಗಿರುತ್ತದೆ. ಲೀಗ್‌ನ ತಾರೆಗಳು ಸೇರುವ ಆಲ್‌ಸ್ಟಾರ್ ಕೂಟದ 2018ರ ಸ್ಪರ್ಧೆಯಲ್ಲಿ ಅವರ ಹೊಡೆತದ ವೇಗ ಗಂಟೆಗೆ 163 ಕಿ.ಮೀ. ಎಂದು ದಾಖಲಾಯಿತು.

ಇದರಲ್ಲಿ ಗುಟ್ಟೇನೂ ಇರಲಿಲ್ಲ. ಎದುರಾಳಿ ತರಬೇತುದಾರರು ವಿಡಿಯೊ ಹಾಕಿ ತೋರಿಸುತ್ತಿದ್ದರು, ಪ್ರೇಕ್ಷಕರು ಬೆರಳು ಮಾಡುತ್ತಿದ್ದರು, ಆ ಜಾಗಕ್ಕೆ ಅವರ ಹೆಸರೇ ಬಿದ್ದುಹೋಯಿತು. ಹಾಗಿದ್ದೂ ತಡೆಯುವುದು ಯಾಕೆ ಆಗಲಿಲ್ಲವೆಂದರೆ, ನಾಲ್ವರೇ ಇರುವಾಗ ಒಬ್ಬನನ್ನು ಅವರಿಗೆ ಅಂಟಿಸಿಬಿಟ್ಟರೆ ಉಳಿದ ನಾಲ್ವರನ್ನು ಮೂವರು ಕಾಯಬೇಕಾಗುತ್ತದೆ. ಅಂಟಿಸಿದರೂ ನಷ್ಟ, ಬಿಟ್ಟರೂ ನಷ್ಟ. ಪವರ್ ಪ್ಲೇ ಗೋಲುಗಳಲ್ಲಿ ಡೇವ್ ಆಂಡ್ರಿಚಕ್ ಅವರ 274ರ ದಾಖಲೆಯನ್ನು ಅವರು ಹೀಗೆ ಒಂದೇ ಜಾಗದಲ್ಲಿ ನಿಂತು ನಿಂತು ದಾಟಿದರು. ಹಂಗಾಮಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಲ್ಲುವ ರಾಕೆಟ್ ರಿಷಾರ್ ಟ್ರೋಫಿ ಒಂಬತ್ತು ಬಾರಿ ಅವರ ಪಾಲಾಯಿತು.

ಇದೇ ಆಟದ ಇನ್ನೊಂದು ಮುಖವನ್ನೂ ಹೇಳಬೇಕು. 2013-14ರಲ್ಲಿ ಅವರು 51 ಗೋಲು ಹೊಡೆದರು. ಆದರೆ ಪವರ್ ಪ್ಲೇ ಗೋಲುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಅವರು ಮಂಜಿನ ಮೇಲಿದ್ದ ಹೊತ್ತಿನಲ್ಲಿ ತಂಡ ಹೊಡೆದ ಗೋಲುಗಳಿಗಿಂತ ತಿಂದ ಗೋಲುಗಳು 35 ಹೆಚ್ಚು. ರಕ್ಷಣೆಗೆ ಹಿಂದಿರುಗದ, ಅರ್ಧ ಮೈದಾನದ ಆಟಗಾರ ಎಂಬ ಟೀಕೆ ಆಗ ಉತ್ತುಂಗ ಮುಟ್ಟಿತು. ಅದರಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ.

ಹನ್ನೆರಡು ವಸಂತಗಳ ಸೋಲು

ಎನ್‌ಎಚ್‌ಎಲ್‌ನಲ್ಲಿ ಅಂತಿಮ ತೀರ್ಪು ಬರುವುದು ವಸಂತದ ಪ್ಲೇಆಫ್ ಪಂದ್ಯಗಳಲ್ಲಿ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದವರು ಮುಂದೆ ಹೋಗುತ್ತಾರೆ, ಇಂಥ ನಾಲ್ಕು ಸರಣಿ ಗೆದ್ದವರಿಗೆ ಸ್ಟ್ಯಾನ್ಲಿ ಕಪ್. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ ಅಧ್ಯಕ್ಷರ ಟ್ರೋಫಿ ಇದೆ. ಕ್ಯಾಪಿಟಲ್ಸ್ ಅದನ್ನು 2010, 2016, 2017ರಲ್ಲಿ ಗೆದ್ದಿತು, ಮೂರು ಸಲವೂ ಪ್ಲೇಆಫ್‌ನಲ್ಲಿ ಮುಗ್ಗರಿಸಿತು. 2010ರದ್ದು ಎಲ್ಲಕ್ಕಿಂತ ಕಹಿ. ಎಂಟನೆಯ ಶ್ರೇಯಾಂಕದ ಮಾಂಟ್ರಿಯಲ್ ವಿರುದ್ಧ 3-1 ಮುನ್ನಡೆಯಲ್ಲಿದ್ದು, ಉಳಿದ ಮೂರನ್ನೂ ಸೋತರು. ಆರನೆಯ ಪಂದ್ಯದಲ್ಲಿ ಮಾಂಟ್ರಿಯಲ್‌ನ ಗೋಲಿ ಯಾರೊಸ್ಲಾವ್ ಹಾಲಾಕ್ 54 ಹೊಡೆತಗಳಲ್ಲಿ 53ನ್ನು ತಡೆದರು. 2009, 2016, 2017ರಲ್ಲಿ ದಾರಿಗೆ ಅಡ್ಡ ನಿಂತದ್ದು ಕ್ರಾಸ್ಬಿಯ ಪಿಟ್ಸ್‌ಬರ್ಗ್. ಕ್ರಾಸ್ಬಿಯ ಖಾತೆಗೆ ಮೂರು ಕಪ್ ಸೇರಿದಾಗ ಒವೆಚ್ಕಿನ್ ಖಾತೆಯಲ್ಲಿ ಸೊನ್ನೆ.

ತಾಯ್ನಾಡಿನ ಅಂಗಿಯಲ್ಲೂ ಇದೇ ಕಥೆಯ ಛಾಯೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2008, 2012, 2014ರ ಚಿನ್ನಗಳಿವೆ; ಒಲಿಂಪಿಕ್ಸ್ ಮಾತ್ರ ಕೈಗೂಡಲಿಲ್ಲ. 2006ರ ಟ್ಯೂರಿನ್‌ನಲ್ಲಿ ಕೆನಡಾವನ್ನು ಹೊರಗಟ್ಟಿದ ಗೋಲು ಅವರದೇ ಆದರೂ ಪದಕ ಬರಲಿಲ್ಲ. 2010ರ ವ್ಯಾಂಕೂವರ್‌ನಲ್ಲಿ ಅದೇ ಕೆನಡಾ 7-3ರಿಂದ ಬಡಿಯಿತು. 2014ರ ಸೋಚಿ ಅವರದೇ ನೆಲ, ಭಿತ್ತಿಚಿತ್ರಗಳಲ್ಲೆಲ್ಲ ಅವರದೇ ಮುಖ. ಮೊದಲ ಪಂದ್ಯದ 77ನೇ ಸೆಕೆಂಡಿನಲ್ಲೇ ಗೋಲು ಹೊಡೆದರು. ಆ ಕೂಟದಲ್ಲಿ ಮತ್ತೊಂದು ಬರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಫಿನ್ಲೆಂಡ್ 3-1ರಿಂದ ಮನೆಗೆ ಕಳಿಸಿತು.

ಈ ಸೋಲುಗಳ ಸಾಲು ಜನಪ್ರಿಯತೆಯನ್ನು ಕುಗ್ಗಿಸಬೇಕಿತ್ತು. ವಾಷಿಂಗ್ಟನ್‌ನಲ್ಲಿ ಆದದ್ದು ಬೇರೆ. ಪ್ರತಿ ವರ್ಷ ಸೋತು ಪ್ರತಿ ಅಕ್ಟೋಬರಿನಲ್ಲಿ ಅದೇ ಹಲ್ಲಿಲ್ಲದ ನಗೆಯೊಂದಿಗೆ ಮರಳುತ್ತಿದ್ದ ನಾಯಕ ಅಭಿಮಾನಿಗಳ ಪಾಲಿಗೆ ಅದೇ ಬೀದಿಯಲ್ಲಿ ಅದೇ ಮಳೆಯಲ್ಲಿ ನೆಂದ ನೆಂಟನಾದ. 2015ರ ಆಲ್‌ಸ್ಟಾರ್ ಆಯ್ಕೆಯ ರಾತ್ರಿ ಕೊನೆಯವನಾಗಿ ಉಳಿದ ಆಟಗಾರನಿಗೆ ಒಂದು ಕಾರು ಎಂದಿತ್ತು. ಅಂದಿನ ಅತಿ ದೊಡ್ಡ ತಾರೆಯೊಬ್ಬ, ನನ್ನನ್ನು ಆರಿಸಬೇಡಿ, ಕೊನೆಗೆ ಉಳಿಸಿ ಎಂದು ಟಿವಿ ಕ್ಯಾಮೆರಾಗಳ ಎದುರು ಕೈಮುಗಿದು ಗೋಗರೆಯುತ್ತಿದ್ದ ದೃಶ್ಯ ಎಲ್ಲರನ್ನೂ ನಗಿಸಿತು. ಬೇಡಿಕೆ ಈಡೇರಲಿಲ್ಲ, ಕಂಪನಿ ಆಮೇಲೆ ಕೊಟ್ಟ ಕಾರನ್ನು ಅವರು ವಿಶೇಷ ಚೇತನ ಮಕ್ಕಳ ಹಾಕಿ ಸಂಸ್ಥೆಗೆ ದಾನ ಮಾಡಿದರು. ಅದಕ್ಕೇ ಬೇಕಿತ್ತಂತೆ.

2016-17ರಲ್ಲಿ ಗೋಲುಗಳು 33ಕ್ಕೆ ಇಳಿದಾಗ, 31 ದಾಟಿದ ಆಳು ಇನ್ನು ಇಳಿಜಾರಿನಲ್ಲಿದ್ದಾನೆ ಎಂದು ಪಂಡಿತರು ಬರೆದರು. ಮುಂದಿನ ವರ್ಷ ಯಾರೂ ನಿರೀಕ್ಷೆ ಇಟ್ಟುಕೊಳ್ಳದ ತಂಡ, ಮೊದಲ ಸುತ್ತಿನಲ್ಲಿ ಕೊಲಂಬಸ್‌ಗೆ ತವರಿನಲ್ಲೇ ಎರಡು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದಿತು. ಪಿಟ್ಸ್‌ಬರ್ಗ್ ವಿರುದ್ಧದ ಆರನೇ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಮುಗಿಸಿದವರು ಎವ್‌ಗೆನಿ ಕುಜ್ನೆತ್ಸೊವ್. 2018ರ ಜೂನ್ 7ರಂದು ಲಾಸ್ ವೇಗಸ್‌ನಲ್ಲಿ ವೇಗಸ್ ಗೋಲ್ಡನ್ ನೈಟ್ಸ್ ತಂಡವನ್ನು 4-3ರಿಂದ ಸೋಲಿಸಿ ಕ್ಯಾಪಿಟಲ್ಸ್ ತನ್ನ ಇತಿಹಾಸದ ಮೊದಲ ಸ್ಟ್ಯಾನ್ಲಿ ಕಪ್ ಎತ್ತಿತು. ಆ ಪ್ಲೇಆಫ್‌ನಲ್ಲಿ 15 ಗೋಲು ಹೊಡೆದ ಒವೆಚ್ಕಿನ್‌ಗೆ ಸರಣಿ ಶ್ರೇಷ್ಠನ ಕಾನ್ ಸ್ಮಿತ್ ಟ್ರೋಫಿ. ಕಪ್ ಗೆದ್ದ ಮೊದಲ ರಷ್ಯನ್ ನಾಯಕ ಎಂಬ ಹೆಗ್ಗಳಿಕೆ ಬೇರೆ. ಕಪ್ ಕೈಗೆ ಬಂದಾಗ ಅವರು ಗಂಟಲು ಹರಿಯುವಂತೆ ಕಿರುಚಿದ್ದನ್ನು ನೋಡಿದವರು ಮರೆತಿಲ್ಲ. ಎರಡು ದಿನಗಳ ನಂತರ ವಾಷಿಂಗ್ಟನ್‌ನ ಜಾರ್ಜ್‌ಟೌನ್ ದಂಡೆಯ ಕಾರಂಜಿಯಲ್ಲಿ ಅವರು ಬಟ್ಟೆ ಸಮೇತ ಮಲಗಿ ಈಜಿದರು, ಸುತ್ತ ಊರವರೂ ನೀರಿಗಿಳಿದರು. ಜುಲೈನಲ್ಲಿ ಅದೇ ಕಪ್ ಮಾಸ್ಕೋಗೆ ಹೋಯಿತು; ಫುಟ್‌ಬಾಲ್ ವಿಶ್ವಕಪ್‌ಗೆ ನೆರೆದಿದ್ದ ಅಭಿಮಾನಿಗಳ ಮುಂದೆ ಅದನ್ನು ಎತ್ತಿ ತೋರಿಸಿದರು. ಒಬ್ಬ ಮನುಷ್ಯ ಎರಡು ರಾಜಧಾನಿಗಳಿಗೂ ಸಲ್ಲಬಹುದೆಂದು ನಂಬುವುದು ಆ ಬೇಸಿಗೆಯಲ್ಲಿ ಸುಲಭವಾಗಿತ್ತು.

ಪಟದಲ್ಲಿದ್ದ ಇನ್ನೊಬ್ಬರು

ಆ ನಂಬಿಕೆಯಲ್ಲಿ ಬಿರುಕು ಮೊದಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. 2017ರ ನವೆಂಬರಿನಲ್ಲಿ, ರಷ್ಯಾದ ಅಧ್ಯಕ್ಷೀಯ ಚುನಾವಣೆಗೆ ಕೆಲವು ತಿಂಗಳಿರುವಾಗ, ಒವೆಚ್ಕಿನ್ ಇನ್‌ಸ್ಟಾಗ್ರಾಂನಲ್ಲಿ ವ್ಲಾದಿಮಿರ್ ಪುಟಿನ್ ಅವರ ಬೆಂಬಲಕ್ಕೆ ‘ಪುಟಿನ್ ಟೀಂ’ ಎಂಬ ಚಳವಳಿಯನ್ನು ಪ್ರಕಟಿಸಿದರು. ಆ ತಾಣದಲ್ಲಿ ಅವರ ಪರಿಚಯ ಪಟವೂ ಅಧ್ಯಕ್ಷರ ಜೊತೆಗಿನದೇ. ವಾಷಿಂಗ್ಟನ್ನಿನ ಅಭಿಮಾನಿಗಳು ಇದನ್ನು ಕಂಡೂ ಕಾಣದಂತಿದ್ದರು. ಗೋಲು ಬರುತ್ತಿತ್ತು, ಉಳಿದದ್ದು ಅವನ ಮನೆಯ ವಿಷಯ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಮರುದಿನ ಪತ್ರಕರ್ತರ ಮುಂದೆ ಬಂದ ಒವೆಚ್ಕಿನ್ ಮುಖದಲ್ಲಿ ಎಂದಿನ ನಗೆ ಇರಲಿಲ್ಲ. ಯುದ್ಧ ಬೇಡ, ಯಾರ ಯುದ್ಧವಾದರೂ ಬೇಡ ಎಂದರು. ಪುಟಿನ್ ಬಗ್ಗೆ ಕೇಳಿದಾಗ, ಅವರು ನನ್ನ ಅಧ್ಯಕ್ಷರು, ನಾನು ರಾಜಕಾರಣಿಯಲ್ಲ, ಕ್ರೀಡಾಪಟು ಎಂಬರ್ಥದ ಮಾತಾಡಿದರು. ಪಟ ತೆಗೆಯಲಿಲ್ಲ. ಜೆಕ್ ಗಣರಾಜ್ಯದ ಮಹಾನ್ ಗೋಲಿ ಡೊಮಿನಿಕ್ ಹಾಶೆಕ್ ಅವರನ್ನು ಕಟುವಾಗಿ ಟೀಕಿಸಿದರು, ರಷ್ಯನ್ ಆಟಗಾರರನ್ನೇ ಲೀಗ್‌ನಿಂದ ಅಮಾನತಿನಲ್ಲಿಡಬೇಕೆಂದರು. ಹಾಕಿ ಸಲಕರಣೆ ತಯಾರಿಸುವ ಸಿಸಿಎಂ ಕಂಪನಿ ಅವರನ್ನೂ ಇತರ ರಷ್ಯನ್ನರನ್ನೂ ಜಾಹೀರಾತುಗಳಿಂದ ಕೈಬಿಟ್ಟಿತು; ವಿಮಾ ಕಂಪನಿ ಮಾಸ್‌ಮ್ಯೂಚುಯಲ್, ಅವರೂ ಬ್ಯಾಕ್‌ಸ್ಟ್ರಮ್ಮೂ ಇದ್ದ ಜಾಹೀರಾತನ್ನು ನಿಲ್ಲಿಸಿತು. ಕೆನಡಾದ ಅಂಗಣಗಳಲ್ಲಿ ಪಕ್ ಅವರ ಕೋಲಿಗೆ ತಗುಲಿದಾಗಲೆಲ್ಲ ಧಿಕ್ಕಾರದ ಕೂಗು ಎದ್ದಿತು. ಅದೇ ಮಾರ್ಚಿನಲ್ಲಿ ಅವರು 767ನೇ ಗೋಲು ಹೊಡೆದು ಯಾಗರ್ ಅವರನ್ನು ಹಿಂದಿಕ್ಕಿ ಸಾರ್ವಕಾಲಿಕ ಪಟ್ಟಿಯಲ್ಲಿ ಮೂರನೆಯವರಾದರು. ವಾಷಿಂಗ್ಟನ್ ಎಂದಿನಂತೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಅವರ ಹೆಂಡತಿ ಮಕ್ಕಳು, ತಂದೆ ತಾಯಿ ರಷ್ಯಾಕ್ಕೆ ಹೋಗಿ ಬಂದು ಬಾಳುವವರು. ಬಾಯಿ ಬಿಟ್ಟರೆ ಅದರ ಬೆಲೆ ತೆರುವವರು ಅವರು ಎಂದು ಸಮರ್ಥಕರು ಹೇಳಿದರು. ವಾದ ತಳ್ಳಿಹಾಕುವಂಥದ್ದಲ್ಲ. ಆದರೆ 2017ರಲ್ಲಿ ಅವರನ್ನು ಯಾರೂ ಒತ್ತಾಯಿಸಿದಂತೆ ಕಾಣುವುದಿಲ್ಲ ಎಂಬುದನ್ನೂ ಬದಿಗಿಡಲಾಗದು. ಒಂದೇ ಕ್ಲಬ್ಬಿಗೆ, ಒಂದೇ ಸಂಖ್ಯೆಗೆ, ಸತ್ತ ಅಣ್ಣನ ನೆನಪಿಗೆ ಅಂಟಿಕೊಂಡ ಗುಣವನ್ನು ಮೆಚ್ಚಿದವರು, ಅದೇ ಗುಣ ಆ ಪಟಕ್ಕೂ ಅಂಟಿಕೊಂಡಾಗ ಬೆಚ್ಚಿದರು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ರಷ್ಯಾ ತಂಡವನ್ನು ನಿಷೇಧಿಸಿದ್ದರಿಂದ ದೇಶದ ಅಂಗಿ ತೊಡುವ ಅವಕಾಶ ಅವರಿಗೆ ಮತ್ತೆ ಬರಲಿಲ್ಲ.

894ರ ಬೆನ್ನು ಹತ್ತಿ

2021ರಲ್ಲಿ ಹಳೆಯ ಒಪ್ಪಂದ ಮುಗಿದಾಗ ಅವರು ಅದೇ ತಂಡದೊಂದಿಗೆ ಇನ್ನೈದು ವರ್ಷಕ್ಕೆ 4.75 ಕೋಟಿ ಡಾಲರ್‌ಗೆ ಸಹಿ ಹಾಕಿದ್ದರು. ಗುರಿ ಗ್ರೆಟ್ಸ್‌ಕಿಯ 894. ಆ ದಾಖಲೆಯ ಅಳತೆ ಅರಿಯಲು ಕಾಲದ ವ್ಯತ್ಯಾಸ ನೋಡಬೇಕು: ಗ್ರೆಟ್ಸ್‌ಕಿ 92 ಗೋಲು ಹೊಡೆದ 1981-82ರಲ್ಲಿ ಎರಡೂ ತಂಡ ಸೇರಿ ಪಂದ್ಯವೊಂದಕ್ಕೆ ಸರಾಸರಿ ಎಂಟು ಗೋಲು ಬರುತ್ತಿದ್ದವು. ಒವೆಚ್ಕಿನ್ ಆಡಿದ ಬಹುಕಾಲ ಅದು ಆರರ ಆಸುಪಾಸಿಗೆ ಇಳಿದಿತ್ತು. ಗೋಲಿಗಳ ಕವಚ ದೊಡ್ಡದಾಗಿತ್ತು, ಅವರ ತರಬೇತಿ ಶಾಸ್ತ್ರವೇ ಆಗಿತ್ತು. ಮೇಲಾಗಿ ವೇತನ ಜಗಳಕ್ಕೆ ಒಂದೂವರೆ ಹಂಗಾಮು, ಕೋವಿಡ್‌ಗೆ ಇನ್ನಷ್ಟು ಪಂದ್ಯಗಳು ಹೋದವು. ಇದಕ್ಕೆ ಪ್ರತಿಯಾಗಿ, ಗ್ರೆಟ್ಸ್‌ಕಿಯ ಹೆಸರಿನಲ್ಲಿ 1,963 ಗೋಲು ನೆರವುಗಳೂ ಇವೆ. ಆಟಗಾರನಾಗಿ ಯಾರು ದೊಡ್ಡವರು ಎಂಬ ಪ್ರಶ್ನೆಯನ್ನು ಈ ದಾಖಲೆ ಮುಟ್ಟುವುದಿಲ್ಲ.

2022ರ ಡಿಸೆಂಬರ್ 23ರಂದು, ಪಟ್ಟಿಯಲ್ಲಿ ಎರಡನೆಯವರಾಗಿದ್ದ ಗಾರ್ಡಿ ಹೋ ಅವರ 801 ದಾಟಿತು. ಎರಡು ತಿಂಗಳಲ್ಲಿ ತಂದೆ ಮಿಖಾಯಿಲ್ ತೀರಿಕೊಂಡರು. 2023-24ರ ಮೊದಲ ಅರ್ಧದಲ್ಲಿ ಬಂದದ್ದು ಎಂಟೇ ಗೋಲು, ಓಟ ಮುಗಿಯಿತೆಂದರು. 2024ರ ನವೆಂಬರಿನಲ್ಲಿ, 18 ಪಂದ್ಯಗಳಲ್ಲಿ 15 ಗೋಲು ಹೊಡೆದು ಉರಿಯುತ್ತಿದ್ದಾಗಲೇ, ಯೂಟಾದಲ್ಲಿ ಎಡಗಾಲಿನ ಮೂಳೆ ಮುರಿಯಿತು. 16 ಪಂದ್ಯ ತಪ್ಪಿಸಿಕೊಂಡು ಡಿಸೆಂಬರ್ 28ರಂದು ಟೊರಾಂಟೊದಲ್ಲಿ ಮರಳಿದವರು ಅಂದೇ ಗೋಲು ಹೊಡೆದರು. 2025ರ ಏಪ್ರಿಲ್ 4ರಂದು ತವರಿನಲ್ಲಿ ಶಿಕಾಗೊ ವಿರುದ್ಧ ಎರಡು ಹೊಡೆದು 894ರಲ್ಲಿ ಸಮನಾದರು.

ಏಪ್ರಿಲ್ 6ರ ಮಧ್ಯಾಹ್ನ ನ್ಯೂಯಾರ್ಕ್ ಅಂಚಿನ ಎಲ್ಮಾಂಟ್‌ನಲ್ಲಿ ಐಲ್ಯಾಂಡರ್ಸ್ ವಿರುದ್ಧದ ಪಂದ್ಯ. ಮಾಸ್ಕೋದಲ್ಲಿ ಆಗ ಸಂಜೆ, ಟಿವಿ ಮುಂದೆ ಕೂರಲು ಹದವಾದ ಹೊತ್ತು. ಎರಡನೇ ಅವಧಿಯಲ್ಲಿ ಪವರ್ ಪ್ಲೇ ಸಿಕ್ಕಿತು. ಟಾಮ್ ವಿಲ್ಸನ್ ಪಕ್ಕನ್ನು ಅಡ್ಡಲಾಗಿ ಕಳಿಸಿದರು, ಎಡ ವೃತ್ತದಲ್ಲಿ ಕಾದಿದ್ದ 39ರ ಒವೆಚ್ಕಿನ್ ಹೊಡೆದರು. ಗೋಲಿನಲ್ಲಿದ್ದವರು ಇಲ್ಯಾ ಸೊರೊಕಿನ್. ಅವರೂ ರಷ್ಯನ್, ಅವರ ವಿರುದ್ಧ ಒವೆಚ್ಕಿನ್‌ಗೆ ಅದುವರೆಗೆ ಒಂದು ಗೋಲೂ ಬಂದಿರಲಿಲ್ಲ. 895. ಒವೆಚ್ಕಿನ್ ಮಂಜಿನ ಮೇಲೆ ಹೊಟ್ಟೆಯ ಮೇಲೆ ಬಿದ್ದು ಮಗುವಿನಂತೆ ಜಾರಿದರು. ಪಂದ್ಯ ನಿಂತಿತು, ತಾಯಿ ತತ್ಯಾನಾ, ಹೆಂಡತಿ, ಇಬ್ಬರು ಗಂಡುಮಕ್ಕಳು ಮಂಜಿಗೆ ಇಳಿದರು. ಅವರಿಗಾಗಿ ಬಂದಿದ್ದ ಗ್ರೆಟ್ಸ್‌ಕಿ ಕೈ ಕುಲುಕಿದರು. ಗ್ರೆಟ್ಸ್‌ಕಿ ಆಡಿದ್ದು ಒಟ್ಟು 1,487 ಪಂದ್ಯ. ಇದು ಒವೆಚ್ಕಿನ್ ಅವರ 1,487ನೆಯದು. ಇಷ್ಟೆಲ್ಲ ಆದ ಮೇಲೆ ಆಟ ಮುಂದುವರಿದು, ಪಂದ್ಯವನ್ನು ಐಲ್ಯಾಂಡರ್ಸ್ 4-1ರಿಂದ ಗೆದ್ದರು ಎಂಬುದನ್ನು ಈಗ ಯಾರೂ ನೆನೆಸಿಕೊಳ್ಳುವುದಿಲ್ಲ.

ಆ ದಿನ ಕ್ರೆಮ್ಲಿನ್‌ನಿಂದ ಅಭಿನಂದನೆ ಬಂತು, ವಾಷಿಂಗ್ಟನ್‌ನಲ್ಲಿ ಕೆಂಪು ಅಂಗಿಗಳು ಕುಣಿದವು, ಪುಟಿನ್ ಜೊತೆಗಿನ ಪಟವನ್ನು ಮತ್ತೆ ಎತ್ತಿ ತೋರಿಸಿದ ಲೇಖನಗಳೂ ಪ್ರಕಟವಾದವು. ಒಂದು ಇನ್ನೊಂದನ್ನು ಅಳಿಸಲಿಲ್ಲ.

2025ರ ನವೆಂಬರ್ 5ರಂದು, 40 ತುಂಬಿದ ಒವೆಚ್ಕಿನ್ ತವರಿನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ 900ನೇ ಗೋಲು ಹೊಡೆದರು. ಎನ್‌ಎಚ್‌ಎಲ್‌ನಲ್ಲಿ ಆ ಸಂಖ್ಯೆ ಮುಟ್ಟಿದವರು ಬೇರಾರೂ ಇಲ್ಲ. ಅದು ಎಡ ವೃತ್ತದ ಬಿರುಹೊಡೆತವಾಗಿರಲಿಲ್ಲ. ಗೋಲಿನ ಬಳಿ ತಿರುಗುತ್ತಲೇ ಹಿಂಗೈಯಿಂದ ತಳ್ಳಿದ್ದು. ಜೊತೆಗಾರರು ಅವರನ್ನು ಮುತ್ತಿಕೊಂಡಿದ್ದಾಗ, ಬ್ಲೂಸ್‌ನ ಗೋಲಿ ಜೋರ್ಡನ್ ಬಿನಿಂಗ್ಟನ್ ಬಲೆಯಲ್ಲಿದ್ದ ಪಕ್ಕನ್ನು ಸದ್ದಿಲ್ಲದೆ ಎತ್ತಿ ತಮ್ಮ ಚಡ್ಡಿಯೊಳಗೆ ಸೇರಿಸಿಕೊಂಡರು. ಲೈನ್ಸ್‌ಮನ್ ಒಬ್ಬರು ಅದನ್ನು ಕಂಡು, ಅವರ ಬಳಿ ಹೋಗಿ ಕೈ ಚಾಚಿ ನಿಂತರು. ಬಿನಿಂಗ್ಟನ್ ಪಕ್ ಹೊರತೆಗೆದು ಕೊಟ್ಟರು.